ಕಾಯುವುದು ಎಂದರೆ ಕೈಕಟ್ಟಿ ಕೂರುವುದಲ್ಲ



ಭಾನುವಾರ ಪೂಜೆ ಮುಗಿದು ಹೊರಗೆ ಬಂದು ಚಪ್ಪಲಿ ಹುಡುಕುತ್ತಿರುವಾಗ ಹಿರಿಯರು ನಮ್ಮನ್ನು ಕೇಳುವ ಪ್ರಶ್ನೆ ಒಂದೇ. "ಓದು ಮುಗೀತಲ್ಲಪ್ಪ, ಈಗ ಏನ್ ಮಾಡ್ತಿದ್ದೀಯ?" ನಮ್ಮ ಉತ್ತರವೂ ಒಂದೇ. "ಕಾಯ್ತಾ ಇದ್ದೀವಿ."

ರೊಳ್ಳ, ಅಗಳಿ, ಗುಡಿಬಂಡೆ, ಅಮರಾಪುರ, ಮಡಕಶಿರಾ ಕಡೆಯ ಯುವಜನರಲ್ಲಿ ಈ ಮಾತು ಹೇಳದವರು ಕಡಿಮೆ. ಒಬ್ಬರು ನೋಟಿಫಿಕೇಶನ್‌ಗೆ ಕಾಯುತ್ತಾರೆ, ಒಬ್ಬರು ರಿಸಲ್ಟ್‌ಗೆ, ಇನ್ನೊಬ್ಬರು ಬೆಂಗಳೂರಿನಿಂದ ಬರಬೇಕಾದ ಒಂದು ಫೋನಿಗೆ, ಮತ್ತೊಬ್ಬರು ಕೂಡಿಬರದ ಮದುವೆ ಸಂಬಂಧಕ್ಕೆ. ಅಪ್ಪ ಮಳೆಗೆ ಕಾಯುತ್ತಾರೆ. ನಮಗೆ ಒಂದು ದಾರಿ ಆಗಲಿ ಎಂದು ಅಮ್ಮ ಜಪಸರ ಹಿಡಿದು ಕಾಯುತ್ತಾರೆ. 2022ರ ಏಪ್ರಿಲ್‌ನಲ್ಲಿ ನಮ್ಮ ಜಿಲ್ಲೆಯ ಹೆಸರು ಅನಂತಪುರದಿಂದ ಶ್ರೀ ಸತ್ಯಸಾಯಿ ಜಿಲ್ಲೆ ಎಂದು ಬದಲಾಯಿತು. ಕಾಯುವುದು ಮಾತ್ರ ಬದಲಾಗಲಿಲ್ಲ.

ಗಡಿಯಲ್ಲಿರುವ ನಮಗೆ ಇನ್ನೊಂದು ಕಷ್ಟವೂ ಉಂಟು. ಮೂರು ಕಡೆ ತುಮಕೂರು ಜಿಲ್ಲೆ, ನಡುವೆ ನಾವು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಇಂಗ್ಲಿಷ್ ಮತ್ತು ತೆಲುಗಿನ ನಡುವೆ ಈಜಿದವರು ನಮ್ಮಲ್ಲಿ ಎಷ್ಟೋ ಜನ. ಪೂಜೆಯ ಹಾಡು ತೆಲುಗಿನಲ್ಲಿ, ಮನೆಯ ಪ್ರಾರ್ಥನೆ ಕನ್ನಡದಲ್ಲಿ. ದೇವರಿಗೆ ಎರಡೂ ಅರ್ಥವಾಗುತ್ತದೆ ಎಂಬುದೇ ಸಮಾಧಾನ.

ಈ ಕಾಯುವ ವಿಷಯದಲ್ಲಿ ನಮ್ಮಿಂದ ಒಂದು ತಪ್ಪಾಯಿತು. ಅದನ್ನು ಮೊದಲು ಹೇಳಿಬಿಡುತ್ತೇವೆ.

ನಮ್ಮ ಬಳಗದಲ್ಲಿ ಒಬ್ಬ ಅಕ್ಕ ಇದ್ದಾರೆ. ಟೀಚರ್ ಆಗಬೇಕೆಂದು ಡಿ.ಎಡ್ ಓದಿದವರು. 2018ರ ಡಿಎಸ್‌ಸಿ ನಡೆಯುವಾಗ ಅವರದು ಕೊನೆಯ ವರ್ಷ. ಮುಂದಿನ ಡಿಎಸ್‌ಸಿಯಲ್ಲಿ ಬರೆದರಾಯಿತು ಎಂದುಕೊಂಡರು. ಆ ಮುಂದಿನದು ಬರಲೇ ಇಲ್ಲ. ವರ್ಷ ಉರುಳಿದವು, ಜೊತೆಯವರಿಗೆ ಮದುವೆಯಾಗಿ ಮಕ್ಕಳಾದವು, ಅಕ್ಕನ ಪುಸ್ತಕದ ರಟ್ಟು ಕಿತ್ತುಬಂತು.

2023ರ ಜುಲೈ ತಿಂಗಳ ಯುವಕೂಟದಲ್ಲಿ ನಾವು ಆರಿಸಿಕೊಂಡ ವಿಷಯ "ದೇವರಿಗಾಗಿ ಕಾಯುವುದು". ನಾವೇ ತಯಾರಿ ಮಾಡಿದ್ದೆವು. ಅಬ್ರಹಾಮ ಕಾದ, ಹನ್ನಾ ಕಾದಳು, ದೇವರ ಸಮಯವೇ ಸರಿಯಾದ ಸಮಯ, ಅವಸರ ಪಡಬೇಡಿ, ಕಾಯಿರಿ ಎಂದೆಲ್ಲ ಮಾತಾಡಿದೆವು. ಕೊನೆಯಲ್ಲಿ ಯಾರಿಗಾದರೂ ಏನಾದರೂ ಹೇಳುವುದಿದೆಯೇ ಎಂದು ಕೇಳಿದಾಗ ಅಕ್ಕ ಎದ್ದು ನಿಂತರು.

"ಕಾಯಿರಿ ಅಂತ ಎಲ್ಲರೂ ಹೇಳ್ತೀರಿ. ಕಾಯೋವಾಗ ಬೆಳಗ್ಗೆ ಎದ್ದು ಏನ್ ಮಾಡಬೇಕು ಅಂತ ಯಾರೂ ಹೇಳಲ್ಲ. ಮನೇಲಿ ಅನ್ನ ತಿನ್ನೋಕೆ ನಾಚಿಕೆ ಆಗುತ್ತೆ. ಅದಕ್ಕೆ ಏನ್ ಮಾಡಲಿ?"

ಯಾರೂ ಮಾತಾಡಲಿಲ್ಲ. ಒಬ್ಬರು ಮೆಲ್ಲಗೆ, "ಪ್ರಾರ್ಥನೆ ಮಾಡೋಣ ಅಕ್ಕ" ಎಂದೆವು. ಅಕ್ಕ ತಲೆಯಾಡಿಸಿ ಕೂತರು. ಮುಂದಿನ ಕೂಟಕ್ಕೆ ಅವರು ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಪೂಜೆಗೂ ಬರುವುದು ನಿಂತಿತು. ಅವರ ಮನೆ ನಮ್ಮಲ್ಲಿ ಮೂವರ ಮನೆಗೆ ಹತ್ತು ನಿಮಿಷದ ದಾರಿ. ಮೂರು ತಿಂಗಳಲ್ಲಿ ನಮ್ಮಲ್ಲಿ ಒಬ್ಬರೂ ಆ ಹತ್ತು ನಿಮಿಷ ನಡೆಯಲಿಲ್ಲ. ನಾವೂ ಕಾಯುತ್ತಿದ್ದೆವು, ಅವರೇ ಬರಲಿ ಎಂದು.

ಆ ವರ್ಷ ಮಳೆಯೂ ಕೈಕೊಟ್ಟಿತು. ಹಿಂದಿನ ಅನಂತಪುರ ಜಿಲ್ಲೆ ದೇಶದಲ್ಲೇ ಅತಿ ಕಡಿಮೆ ಮಳೆ ಬೀಳುವ ಜಿಲ್ಲೆಗಳಲ್ಲಿ ಒಂದು. ವರ್ಷಕ್ಕೆ ಸರಾಸರಿ ಸುಮಾರು 550 ಮಿಲಿಮೀಟರ್. 2023ರ ಆಗಸ್ಟ್ ಅಂತೂ 1901ರ ನಂತರ ಇಡೀ ದೇಶಕ್ಕೇ ಅತಿ ಒಣ ಆಗಸ್ಟ್ ಆಗಿತ್ತು. ಜುಲೈನಲ್ಲಿ ಬಿತ್ತಿದ ಕಡಲೆಕಾಯಿ ಹೂ ಬಿಡುವ ಹೊತ್ತಿಗೆ ಸರಿಯಾಗಿ ಆಕಾಶ ಒಣಗಿತು. ಕಡಲೆಕಾಯಿ ಗಿಡದ ಸ್ವಭಾವ ನಿಮಗೆ ಗೊತ್ತಿದೆ. ಹೂ ಮೇಲೆ ಬಿಡುತ್ತದೆ. ಹೂ ಬಾಡಿದ ಮೇಲೆ ಸೂಜಿಯಂಥ ಎಳೆ ಕೆಳಗಿಳಿದು, ಮಣ್ಣೊಳಗೆ ಹೊಕ್ಕು, ಅಲ್ಲಿ ಕಾಯಿ ಕಟ್ಟುತ್ತದೆ. ಮಣ್ಣಿನಲ್ಲಿ ಹಸಿ ಇಲ್ಲದಿದ್ದರೆ ಆ ಎಳೆ ಒಳಗೆ ಇಳಿಯುವುದಿಲ್ಲ. ಇಳಿದರೂ ಕಾಯಿ ತುಂಬಿದೆಯೋ ಇಲ್ಲವೋ ಮೇಲಿನಿಂದ ಕಾಣುವುದಿಲ್ಲ. ಕಿತ್ತು ನೋಡುವವರೆಗೆ ನಂಬಿಕೆಯೊಂದೇ.

ಅಕ್ಟೋಬರ್‌ನಲ್ಲಿ ಒಂದು ರಾತ್ರಿ ನಮ್ಮಲ್ಲಿ ನಾಲ್ವರು ಒಬ್ಬ ಗೆಳೆಯನ ಹೊಲಕ್ಕೆ ಹೋದೆವು. ಕಾಡುಹಂದಿ ಬರುವ ಕಾಲ. ಗೆಳೆಯನ ತಾತ ಕಂಬಳಿ ಹೊದ್ದು, ತಗಡಿನ ಡಬ್ಬ ಪಕ್ಕದಲ್ಲಿಟ್ಟುಕೊಂಡು ಕೂತಿದ್ದರು. ಅರ್ಧಕ್ಕೂ ಹೆಚ್ಚು ಗಿಡ ಒಣಗಿಹೋಗಿತ್ತು. ನಮ್ಮಲ್ಲಿ ಒಬ್ಬರು ಕೇಳಿದೆವು, "ಇಷ್ಟಕ್ಕೆ ಯಾಕೆ ತಾತ ನಿದ್ದೆ ಕೆಡ್ತೀರಿ? ಮಳೇನೇ ಬರಲಿಲ್ಲವಲ್ಲ."

ತಾತ ಹೇಳಿದ್ದು ಇಷ್ಟೇ. "ಮಳೆ ಬರಿಸೋದು ಮೇಲಿನೋನ ಕೆಲಸ ಕಣಪ್ಪ. ಉಳಿದಿದ್ದನ್ನ ಕಾಯೋದು ನಮ್ಮ ಕೆಲಸ."

ಆ ರಾತ್ರಿ ನಾವು ಹೆಚ್ಚು ಮಾತಾಡಲಿಲ್ಲ. ಆದರೆ ಆ ಒಂದು ಪದ ತಲೆಯಲ್ಲಿ ಉಳಿಯಿತು. ಕಾಯುವುದು. ತೆಲುಗಿನಲ್ಲಿ ದಾರಿ ನೋಡುವುದಕ್ಕೆ ಎದುರುಚೂಡಟಂ ಅನ್ನುತ್ತಾರೆ, ಹೊಲ ನೋಡಿಕೊಳ್ಳುವುದಕ್ಕೆ ಕಾಪಲಾ ಅನ್ನುತ್ತಾರೆ. ಎರಡಕ್ಕೂ ಬೇರೆ ಬೇರೆ ಮಾತು. ನಮ್ಮ ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು. ಬಸ್ಸಿಗೆ ಕಾಯುವುದೂ ಕಾಯುವುದೇ, ಕುರಿ ಕಾಯುವುದೂ ಕಾಯುವುದೇ. ನಾವು ಯುವಕೂಟದಲ್ಲಿ ಒಂದು ಗಂಟೆ ಮಾತಾಡಿದ್ದು ಬಸ್ಸಿಗೆ ಕಾಯುವ ಕಾಯುವಿಕೆಯ ಬಗ್ಗೆ. ತಾತ ಮಾಡುತ್ತಿದ್ದದ್ದು ಇನ್ನೊಂದನ್ನು.

ಕ್ರಿಸ್ತ ಹುಟ್ಟಿದ ರಾತ್ರಿ ದೇವದೂತನ ಮಾತು ಮೊದಲು ಯಾರಿಗೆ ಕೇಳಿಸಿತು ಎಂದು ನೆನೆಸಿಕೊಳ್ಳಿ. ಬೆತ್ಲೆಹೇಮಿನ ಬಯಲಿನಲ್ಲಿ ರಾತ್ರಿ ಎದ್ದು ಕುರಿ ಕಾಯುತ್ತಿದ್ದವರಿಗೆ. ಇಸ್ರೇಲ್ ಜನವೆಲ್ಲ ಉದ್ಧಾರಕನಿಗಾಗಿ ಕಾಯುತ್ತಿತ್ತು. ಈ ಕುರುಬರು ತಮ್ಮ ಪಾಲಿನ ಕುರಿ ಕಾಯುತ್ತ ಎಚ್ಚರವಾಗಿದ್ದರು. ಎಚ್ಚರವಾಗಿದ್ದದ್ದರಿಂದ ಕೇಳಿಸಿತು.

ಮುಂದಿನ ಭಾನುವಾರ ಸಂಜೆ ನಾವು ಅಕ್ಕನ ಮನೆಗೆ ಹೋದೆವು. ಬಾಗಿಲಲ್ಲೇ ಅವರು ಕೇಳಿದರು, "ಸಮಾಧಾನ ಹೇಳೋಕೆ ಬಂದ್ರಾ?"

"ಇಲ್ಲ ಅಕ್ಕ. ತಪ್ಪಾಯ್ತು ಅಂತ ಹೇಳೋಕೆ ಬಂದ್ವಿ."

ಅಕ್ಕ ಒಳಗೆ ಕರೆದರು. ಜಗುಲಿ ಮೇಲೆ ಎಂಟು ಹತ್ತು ಮಕ್ಕಳು ಸ್ಲೇಟು, ನೋಟುಬುಕ್ಕು ಹಿಡಿದು ಕೂತಿದ್ದವು. ಅಕ್ಕಪಕ್ಕದ ಮನೆಯ ಮಕ್ಕಳು. ನಾಲ್ಕನೇ ತರಗತಿಗೆ ಬಂದರೂ ಒತ್ತಕ್ಷರ ಓದಲು ಬಾರದವು, ತೆಲುಗು ಮತ್ತು ಕನ್ನಡದ ಅಕ್ಷರ ಬೆರೆಸಿ ಬರೆಯುವವು. ಗೋಡೆಗೆ ಒರಗಿಸಿದ ಒಂದು ಹಳೆಯ ಬೋರ್ಡು. ಎಷ್ಟು ದಿನದಿಂದ ಅಕ್ಕ ಎಂದು ಕೇಳಿದೆವು. "ಕೊರೊನಾ ಟೈಮಿಂದ. ಸ್ಕೂಲ್ ಮುಚ್ಚಿತ್ತಲ್ಲ, ಆಗ ಶುರು ಮಾಡಿದ್ದು. ನಿಲ್ಲಿಸೋಕೆ ಮನಸಾಗಲಿಲ್ಲ" ಎಂದರು.

ನಮಗೆ ನಾಚಿಕೆಯಾಯಿತು. ಕಾಯುವುದರ ಬಗ್ಗೆ ಮೈಕಿನಲ್ಲಿ ಮಾತಾಡಿದವರು ನಾವು. ದೇವರ ಮೇಲೆ ಸಿಟ್ಟು ಮಾಡಿಕೊಂಡು, ಅಳುತ್ತ, ಆದರೂ ದಿನವೂ ಸಂಜೆ ಐದಕ್ಕೆ ಬೋರ್ಡು ಒರೆಸಿದವರು ಅವರು. ಅದನ್ನು ಅವರು ಸೇವೆ ಎಂದು ಕರೆದಿರಲಿಲ್ಲ. ಪ್ರಾರ್ಥನೆ ಎಂದೂ ಕರೆದಿರಲಿಲ್ಲ. ಅವರ ಪ್ರಶ್ನೆಗೆ ಉತ್ತರ ಅವರ ಜಗುಲಿಯ ಮೇಲೇ ಇತ್ತು. ಅದು ಉತ್ತರ ಎಂದು ಹೇಳಿ ಜೊತೆಗೆ ನಿಲ್ಲುವ ಒಬ್ಬರೂ ಇರಲಿಲ್ಲ, ಅಷ್ಟೇ.

ಆ ವಾರದಿಂದ ನಮ್ಮಲ್ಲಿ ಬಿಎಸ್ಸಿ ಓದಿದವರು ಸರದಿಯಂತೆ ಲೆಕ್ಕ, ವಿಜ್ಞಾನ ಹೇಳಿಕೊಡಲು ಹೋಗತೊಡಗಿದೆವು. ಅಕ್ಕ ಮತ್ತೆ ಪೂಜೆಗೆ ಬರಲು ಇನ್ನೂ ಎರಡು ತಿಂಗಳು ಹಿಡಿಯಿತು. ನಾವು ಕರೆಯಲಿಲ್ಲ. ಕ್ರಿಸ್ಮಸ್ ರಾತ್ರಿ ಅವರಾಗಿಯೇ ಬಂದರು.

ಶ್ರೀಗ್ರಂಥದಲ್ಲಿ ನಮಗೆ ತುಂಬಾ ಇಷ್ಟವಾದ ಒಂದು ವಚನವಿದೆ. ಯೆರೆಮೀಯ 29ನೇ ಅಧ್ಯಾಯದ 11ನೆಯದು. ದೇವರು ನಮಗಾಗಿ ಒಳ್ಳೆಯ ಯೋಜನೆ ಇಟ್ಟಿದ್ದಾರೆ ಎನ್ನುವ ಆ ವಚನವನ್ನು ಸ್ಟೇಟಸ್‌ನಲ್ಲಿ ಹಾಕದ ಯುವಜನರು ಯಾರಿದ್ದಾರೆ? ಆದರೆ 11ಕ್ಕೆ ಮೊದಲು 5, 6, 7 ಇವೆ ಎಂಬುದನ್ನು ನಾವು ಮರೆಯುತ್ತೇವೆ. ಅದು ಬಾಬಿಲೋನಿಗೆ ಸೆರೆಹೋದ ಜನರಿಗೆ ಯೆರೆಮೀಯ ಬರೆದ ಪತ್ರ. ಬಿಡುಗಡೆಗೆ 70 ವರ್ಷ ಎಂದು ಅದೇ ಪತ್ರದಲ್ಲಿದೆ. ಎಂದರೆ ಓದಿದವರಲ್ಲಿ ಹಲವರು ಆ ದಿನ ನೋಡಲು ಬದುಕಿರುವುದಿಲ್ಲ. ಅಂಥವರಿಗೆ ಪ್ರವಾದಿ ಏನು ಹೇಳುತ್ತಾನೆ? ಮನೆ ಕಟ್ಟಿಕೊಳ್ಳಿ, ತೋಟ ಹಾಕಿ, ಅದರ ಫಲ ತಿನ್ನಿ, ಮದುವೆ ಮಾಡಿಕೊಳ್ಳಿ, ನೀವಿರುವ ಆ ಊರಿನ ಒಳಿತಿಗಾಗಿ ದುಡಿಯಿರಿ, ಅದಕ್ಕಾಗಿ ಪ್ರಾರ್ಥಿಸಿ ಎಂದು. ಆ ಊರು ಅವರದಲ್ಲ, ಆ ಭಾಷೆ ಅವರದಲ್ಲ. ಆದರೂ ಗಂಟುಮೂಟೆ ಕಟ್ಟಿಕೊಂಡು ಬಾಗಿಲಲ್ಲಿ ಕೂರಬೇಡಿ ಎಂದ. ದೇವರ ಒಳ್ಳೆಯ ಯೋಜನೆ 11ನೇ ವಚನದಲ್ಲಿದ್ದರೆ, ನಮ್ಮ ಬೆಳಗಿನ ಕೆಲಸ 5ನೇ ವಚನದಲ್ಲಿದೆ.

ನಮ್ಮ ಜಿಲ್ಲೆಯಲ್ಲೇ ಇದನ್ನು ಬದುಕಿ ತೋರಿಸಿದ ಒಬ್ಬರಿದ್ದರು. ವಿನ್ಸೆಂಟ್ ಫೆರರ್ ಅವರ ಹೆಸರು ಅನಂತಪುರದ ಕಡೆ ಗೊತ್ತಿಲ್ಲದವರಿಲ್ಲ. 1920ರಲ್ಲಿ ಸ್ಪೇನಿನ ಬಾರ್ಸಿಲೋನಾದಲ್ಲಿ ಹುಟ್ಟಿದವರು, ಯೇಸುಸಭೆಯವರಾಗಿ 1952ರಲ್ಲಿ ಭಾರತಕ್ಕೆ ಬಂದರು. ಮಹಾರಾಷ್ಟ್ರದ ಮನ್ಮಾಡಿನಲ್ಲಿ ಬಡ ರೈತರಿಗೆ ಬಾವಿ ತೋಡಲು ನೆರವಾದರು. 1968ರಲ್ಲಿ ದೇಶ ಬಿಟ್ಟು ಹೋಗಬೇಕೆಂದು ಆದೇಶವಾಯಿತು. ರೈತರು ಅವರ ಪರವಾಗಿ ಬೀದಿಗಿಳಿದರು. ಆದರೂ ಹೋಗಬೇಕಾಯಿತು. ಮತ್ತೆ ಕರೆ ಬರುತ್ತದೋ ಇಲ್ಲವೋ ಗೊತ್ತಿಲ್ಲದೆ ಸ್ಪೇನಿನಲ್ಲಿ ಕಾದರು. 1969ರಲ್ಲಿ ಮರಳಿ ಬಂದರು. ಆದರೆ ಪ್ರೀತಿಸಿದ ಮನ್ಮಾಡಿಗೆ ಅಲ್ಲ, ಪರಿಚಯವೇ ಇಲ್ಲದ, ಬರಡು ಭೂಮಿಯ ಅನಂತಪುರಕ್ಕೆ.

ಅನಂತಪುರದಲ್ಲಿ ಅವರಿಗೆ ಸಿಕ್ಕ ಮೊದಲ ಮನೆ ಖಾಲಿಯಾಗಿತ್ತಂತೆ. ಗೋಡೆಯ ಮೇಲೆ ಒಂದು ಬರಹ ಮಾತ್ರ ಇತ್ತು, ಪವಾಡಕ್ಕಾಗಿ ಕಾಯಿರಿ ಎಂಬ ಅರ್ಥದ್ದು. ಅದನ್ನು ಓದಿ ಅವರು ಕುರ್ಚಿ ಹಾಕಿಕೊಂಡು ಕೂರಲಿಲ್ಲ. ಪವಾಡ ಸುಮ್ಮನೆ ಬರುವುದಿಲ್ಲ, ಅದನ್ನು ಹುಡುಕಿಕೊಂಡು ನಾವೇ ಎದುರು ಹೋಗಬೇಕು ಎಂದು ಅರ್ಥ ಮಾಡಿಕೊಂಡರು. ಮುಂದಿನ ವರ್ಷ ಯೇಸುಸಭೆಯನ್ನು ಬಿಟ್ಟರು, ಆನ್ ಪೆರಿ ಅವರನ್ನು ಮದುವೆಯಾದರು. ಇಬ್ಬರೂ ಸೇರಿ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್ ಕಟ್ಟಿದರು. ನಾವೆಲ್ಲ ಆರ್‌ಡಿಟಿ ಎಂದು ಕರೆಯುವುದು ಅದನ್ನೇ. ದಲಿತರಿಗೆ, ಬಡವರಿಗೆ ಮನೆ, ಊರೂರಲ್ಲಿ ಶಾಲೆ, ಕಲ್ಯಾಣದುರ್ಗ ಮತ್ತು ಬತ್ತಲಪಲ್ಲಿಯಲ್ಲಿ ಆಸ್ಪತ್ರೆ, ಹೊಲಗಳಲ್ಲಿ ಒಡ್ಡು, ಹಳ್ಳಗಳಿಗೆ ಚೆಕ್‌ಡ್ಯಾಮ್. 2009ರ ಜೂನ್ 19ರಂದು ತೀರಿಕೊಂಡಾಗ ಅವರಿಗೆ 89 ವರ್ಷ. ಬತ್ತಲಪಲ್ಲಿಯಲ್ಲೇ ಅವರ ಸಮಾಧಿ ಇದೆ.

ನಾವು ಗಮನಿಸಿದ ಒಂದು ಸಂಗತಿ ಹೇಳುತ್ತೇವೆ. ಆ 40 ವರ್ಷದಲ್ಲಿ ಅನಂತಪುರಕ್ಕೆ ಬೀಳುವ ಮಳೆ ಹೆಚ್ಚಲಿಲ್ಲ. ಇವತ್ತಿಗೂ ಇದು ಬರದ ನಾಡೇ. ಆದರೆ ಒಡ್ಡು ಕಟ್ಟಿದ ಹೊಲದಲ್ಲಿ ಬಿದ್ದ ಮಳೆ ಹರಿದುಹೋಗದೆ ನಿಲ್ಲುತ್ತದೆ. ಮಳೆ ಬಂದ ಮೇಲೆ ಒಡ್ಡು ಕಟ್ಟಲು ಆಗುವುದಿಲ್ಲ. ಅದನ್ನು ಕಟ್ಟುವುದು ಬೇಸಿಗೆಯಲ್ಲಿ, ಆಕಾಶದಲ್ಲಿ ಒಂದು ಮೋಡವೂ ಇಲ್ಲದಿರುವಾಗ. ನೋಡುವವರಿಗೆ ಅದು ಹುಚ್ಚುತನ ಅನಿಸಬಹುದು. ವಿಶ್ವಾಸ ಎಂದರೆ ಅದೇ ಎಂದು ನಮಗೆ ಈಗ ಅನಿಸುತ್ತದೆ. ಇವತ್ತು ನಾವು ಕಲಿಯುವ ಒಂದು ಪಾಠ, ಕಲಿಸುವ ಒಂದು ಅಕ್ಷರ, ಬಿಡದೆ ಮಾಡುವ ಪ್ರಾರ್ಥನೆ, ಇವೆಲ್ಲ ಬೇಸಿಗೆಯಲ್ಲಿ ಕಟ್ಟುವ ಒಡ್ಡು. ಕೃಪೆ ಸುರಿಯುವುದು ದೇವರ ಕೈಯಲ್ಲಿ. ಸುರಿದಾಗ ನಮ್ಮ ಹೊಲದಲ್ಲಿ ನಿಲ್ಲುವಂತೆ ಮಾಡಿಕೊಳ್ಳುವುದು ನಮ್ಮ ಕೈಯಲ್ಲಿ.

ಈಗ ಅಕ್ಕನ ಕಥೆಗೆ ಮರಳೋಣ. 2024ರ ಫೆಬ್ರವರಿಯಲ್ಲಿ 6,100 ಹುದ್ದೆಗಳ ನೋಟಿಫಿಕೇಶನ್ ಬಂತು. ಅಕ್ಕ ಅರ್ಜಿ ಹಾಕಿದರು. ಪರೀಕ್ಷೆ ನಡೆಯಲಿಲ್ಲ, ಅದು ರದ್ದಾಯಿತು. 2025ರ ಏಪ್ರಿಲ್‌ನಲ್ಲಿ ಮೆಗಾ ಡಿಎಸ್‌ಸಿ ಬಂತು, 16,347 ಹುದ್ದೆ. ಜೂನ್‌ನಲ್ಲಿ ಪರೀಕ್ಷೆಗಳು ಶುರುವಾದವು. ಅಕ್ಕ ಓದುವ ದಿನಗಳಲ್ಲಿ ಮಕ್ಕಳ ಪಾಠ ಪೂರ್ತಿ ನಾವೇ ನೋಡಿಕೊಂಡೆವು. ಎಲ್ಲರೂ ಒಂಬತ್ತು ದಿನದ ಪ್ರಾರ್ಥನೆ ಮಾಡಿದೆವು. ಈ ಬರಹ ಓದುತ್ತಿರುವ ನೀವು ಈಗ ಏನು ನಿರೀಕ್ಷಿಸುತ್ತಿದ್ದೀರಿ ಎಂದು ನಮಗೆ ಗೊತ್ತು. ನಾವೂ ಅದನ್ನೇ ನಿರೀಕ್ಷಿಸಿದ್ದೆವು.

ಸೆಪ್ಟೆಂಬರ್‌ನಲ್ಲಿ ಆಯ್ಕೆ ಪಟ್ಟಿ ಬಂತು. ಅಕ್ಕನ ಹೆಸರು ಅದರಲ್ಲಿ ಇರಲಿಲ್ಲ.

ಅವತ್ತು ಸಂಜೆ ಪಾಠ ಇರುವುದಿಲ್ಲ, ಸುಮ್ಮನೆ ಜೊತೆಗೆ ಕೂತು ಬರೋಣ ಎಂದು ನಾವು ಅವರ ಮನೆಗೆ ಹೋದೆವು. ಯಾವ ಮಾತೂ ಆಡಬಾರದು ಎಂದು ದಾರಿಯಲ್ಲೇ ಮಾತಾಡಿಕೊಂಡಿದ್ದೆವು. ಹೋದಾಗ ಮಕ್ಕಳು ಜಗುಲಿಯ ಮೇಲೆ ಕೂತಿದ್ದವು. ಅವಕ್ಕೆ ಪಟ್ಟಿಯ ವಿಷಯ ಏನು ಗೊತ್ತು? ಅಕ್ಕ ಒಳಗಿನಿಂದ ಬಂದರು. ಕಣ್ಣು ಊದಿಕೊಂಡಿತ್ತು. ನಮ್ಮನ್ನು ನೋಡಿದರು, ಏನೂ ಹೇಳಲಿಲ್ಲ. ಬೋರ್ಡು ಒರೆಸಿ ಮೇಲೆ ಆ ದಿನದ ತಾರೀಕು ಬರೆದರು. ನಾವು ಮಕ್ಕಳ ಹಿಂದೆ ಹೋಗಿ ಕೂತೆವು.

ಆ ತಾರೀಕು ಬರೆದ ಕೈಯನ್ನು ನಾವು ಮರೆಯುವುದಿಲ್ಲ. ದೇವರು ಕೇಳಿದ್ದನ್ನು ಕೊಟ್ಟಾಗ ಸಾಕ್ಷಿ ಹೇಳುವುದು ಸುಲಭ. ಕೊಡದ ದಿನವೂ ಅವತ್ತಿನ ತಾರೀಕು ಬರೆಯುವುದು ಸಾಕ್ಷಿಯೇ.

ಇದರಲ್ಲಿ ನಾವು ಎಚ್ಚರ ವಹಿಸಬೇಕಾದ ಒಂದು ವಿಷಯವಿದೆ. ಉದ್ದೇಶವಿಟ್ಟು ಬದುಕುವುದೆಂದರೆ ಸದಾ ಏನಾದರೂ ಮಾಡುತ್ತಲೇ ಇರುವುದಲ್ಲ. ಹತ್ತು ಮಕ್ಕಳಿಗೆ ಪಾಠ ಹೇಳಿದೆವು, ಆದ್ದರಿಂದ ದೇವರು ನಮಗೆ ಕೆಲಸ ಕೊಡಲೇಬೇಕು ಎಂದು ಲೆಕ್ಕ ಹಾಕಿದರೆ ಅದು ವ್ಯಾಪಾರ. ಅಕ್ಕನ ಆಯ್ಕೆಯಾಗದಿದ್ದಾಗ ನಮ್ಮಲ್ಲಿ ಕೆಲವರಿಗೆ ಸಿಟ್ಟು ಬಂತು, ಅದರೊಳಗೆ ಈ ಲೆಕ್ಕವೂ ಇತ್ತು ಎಂದು ಒಪ್ಪಿಕೊಳ್ಳುತ್ತೇವೆ. ಕಾಯಿಲೆ ಬಿದ್ದು ಮಲಗಿ ಕಾಯುವವರಿದ್ದಾರೆ. ಅವರ ಕೈಲಿ ಏನೂ ಮಾಡಲಾಗುವುದಿಲ್ಲ. ಅವರು ಪ್ರಭುವಿನ ಮುಂದೆ ಸುಮ್ಮನೆ ಇರುವುದೂ ಬೆಲೆಯುಳ್ಳದ್ದೇ. ನಮ್ಮ ಪ್ರಭುವೇ ಸುಮಾರು 30 ವರ್ಷ ನಜರೇತಿನಲ್ಲಿ ಯಾರಿಗೂ ಹೆಚ್ಚು ಕಾಣದಂತೆ ಬಡಗಿ ಕೆಲಸ ಮಾಡಿಕೊಂಡಿದ್ದರು. ಆ ವರ್ಷಗಳು ವ್ಯರ್ಥವಾದವು ಎಂದು ನಾವು ಯಾರೂ ಹೇಳುವುದಿಲ್ಲ. ಹಾಗಿದ್ದರೆ ನಮ್ಮ ವರ್ಷಗಳನ್ನು ಮಾತ್ರ ವ್ಯರ್ಥ ಎಂದು ಯಾಕೆ ಕರೆಯಬೇಕು?

ನಮ್ಮ ಬಳಗದಲ್ಲಿ ಈಗ ಮೂರು ಮಾತು ಇಟ್ಟುಕೊಂಡಿದ್ದೇವೆ. ನಿಮಗೂ ಉಪಯೋಗವಾಗಬಹುದು.

ಮೊದಲನೆಯದು, ಕೆಲಸ ಇರಲಿ ಇಲ್ಲದಿರಲಿ, ಬೆಳಗ್ಗೆ ಏಳುವ ಹೊತ್ತು ಮತ್ತು ಪ್ರಾರ್ಥನೆಯ ಹೊತ್ತು ಬದಲಾಗಬಾರದು. ಕಾಯುವವರನ್ನು ಮೊದಲು ತಿನ್ನುವುದು ಬೇಸರ. ಅದು ಬರುವುದು ರಾತ್ರಿ ಎರಡರವರೆಗೆ ಮೊಬೈಲು ಹಿಡಿದು, ಬೆಳಗ್ಗೆ ಹತ್ತಕ್ಕೆ ಏಳುವ ದಾರಿಯಲ್ಲಿ.

ಎರಡನೆಯದು, ನಮ್ಮ ಕೈಲಿ ಏನಿದೆಯೋ ಅದನ್ನು ಯಾರಾದರೊಬ್ಬರಿಗಾಗಿ ಬಳಸಬೇಕು. ಸಚಿವಾಲಯದ ಅರ್ಜಿ ತುಂಬಲು ಬಾರದ ಅಜ್ಜಿಗೆ ತುಂಬಿಕೊಡುವುದು, ಆಸ್ಪತ್ರೆಗೆ ಹಿಂದೂಪುರಕ್ಕೆ ಹೋಗುವವರ ಜೊತೆ ಹೋಗುವುದು, ಅಪ್ಪನ ಜೊತೆ ಹೊಲಕ್ಕೆ ಇಳಿಯುವುದು. ಡಿಗ್ರಿ ಓದಿದವನು ಸಗಣಿ ಎತ್ತಬಾರದು ಎಂದು ಯಾವ ಶುಭಸಂದೇಶದಲ್ಲೂ ಬರೆದಿಲ್ಲ.

ಮೂರನೆಯದು ನಮಗೆ ನಾವೇ ಹಾಕಿಕೊಂಡ ನಿಯಮ. ಯಾರಿಗಾದರೂ "ಕಾಯಿರಿ, ದೇವರು ನೋಡಿಕೊಳ್ಳುತ್ತಾರೆ" ಎಂದು ಹೇಳಿದರೆ, ಹೇಳಿದವರು ಆ ವಾರವೇ ಅವರ ಮನೆಗೆ ಹೋಗಬೇಕು. ಹೋಗಲು ಆಗದಿದ್ದರೆ ಆ ಮಾತು ಹೇಳಬಾರದು.

ಪ್ರಭು ಸ್ವರ್ಗಕ್ಕೆ ಏರಿದಾಗ ಶಿಷ್ಯರು ಆಕಾಶವನ್ನೇ ನೋಡುತ್ತ ನಿಂತಿದ್ದರು. ಬಿಳಿಬಟ್ಟೆಯ ಇಬ್ಬರು ಬಂದು, ಯಾಕೆ ಹೀಗೆ ಮೇಲೆ ನೋಡುತ್ತ ನಿಂತಿದ್ದೀರಿ ಎಂದು ಕೇಳಿದರು. ಅವರು ಜೆರುಸಲೇಮಿಗೆ ಹಿಂದಿರುಗಿದರು, ಒಟ್ಟಿಗೆ ಸೇರಿ ಪ್ರಾರ್ಥಿಸಿದರು. ಪವಿತ್ರಾತ್ಮರು ಇಳಿದುಬಂದದ್ದು ಹಾಗೆ ಒಟ್ಟಿಗಿದ್ದವರ ಮೇಲೆ. ನಮ್ಮ ಸೀಮೆಯವರಿಗೆ ಆಕಾಶ ನೋಡುವುದು ಹುಟ್ಟಿನಿಂದ ಬಂದ ಅಭ್ಯಾಸ. ನೋಡೋಣ, ತಪ್ಪಿಲ್ಲ. ನೋಡಿ ಆದ ಮೇಲೆ ಪಕ್ಕದವರ ಮನೆಗೂ ಹೋಗೋಣ.

ಜಗುಲಿಯ ಪಾಠ ಈಗಲೂ ಸಂಜೆ ಐದಕ್ಕೆ ನಡೆಯುತ್ತಿದೆ. ಅಕ್ಕ ಮುಂದಿನ ಡಿಎಸ್‌ಸಿಗೆ ಓದುತ್ತಿದ್ದಾರೆ. ಅವರಿಗಾಗಿ, ಕಾಯುತ್ತಿರುವ ನಮ್ಮೆಲ್ಲರಿಗಾಗಿ ಪ್ರಾರ್ಥಿಸಿ.

ಪ್ರಭುವೇ, ನಿಮ್ಮ ಸಮಯ ನಮಗೆ ತಿಳಿಯದು. ಇವತ್ತಿನ ದಿನ ಮಾತ್ರ ನಮ್ಮ ಕೈಯಲ್ಲಿದೆ. ನೀವು ಬರುವವರೆಗೆ, ನೀವು ನಮಗೆ ಒಪ್ಪಿಸಿದ್ದನ್ನು ನಿದ್ದೆ ಮಾಡದೆ ಕಾಯುವ ಶಕ್ತಿ ಕೊಡಿ. ನಮ್ಮ ನಡುವೆ ಒಬ್ಬರೂ ಒಂಟಿಯಾಗಿ ಕಾಯದಂತೆ ನೋಡಿಕೊಳ್ಳಿ. ಆಮೆನ್.

ಕ್ರಿಸ್ತನಲ್ಲಿ ನಿಮ್ಮ,
ಯುವಬಳಗ